ತಂಗಿ ಸುಲಿದ ರಟ್ಟಿನ ಡಬ್ಬಿ

ಎಪ್ಪತ್ತರ ದಶಕದಲ್ಲಿ ನಮ್ಮ ಐಮಂಗಲದಲ್ಲಿ ಅಂಗಡಿ ಸಾಮಾನೆಂದರೆ ಹಳೇ ಪೇಪರಿನ ಪೊಟ್ಟಣ, ಅದಕ್ಕೊಂದು ದಾರ. ಸಕ್ಕರೆ, ಸಾಸಿವೆ, ಟೀ ಪುಡಿ ಎಲ್ಲವೂ ಹಾಗೇ ಬರುತ್ತಿದ್ದವು. ಒಂದು ಸಲ ದುರ್ಗದಲ್ಲಿ ಜವಾನನಾಗಿದ್ದ ಸೋದರಮಾವ ಹಬ್ಬಕ್ಕೆ ಬರುವಾಗ ರಟ್ಟಿನ ಡಬ್ಬಿಯಲ್ಲಿ ತುಂಬಿದ ಟೀ ಪುಡಿ ತಂದ. ಹಸಿರು ಡಬ್ಬಿ, ಮೇಲೆ ಎಲೆ ಕೀಳುವ ಹೆಂಗಸಿನ ಚಿತ್ರ. ಅಜ್ಜಿ ಅದನ್ನು ಎಲ್ಲಾ ಕಡೆ ತಿರುಗಿಸಿ ನೋಡಿದಳು.

"ದಾರನೇ ಇಲ್ವಲ್ಲೋ. ಎಲ್ಲಿಂದ ಬಿಚ್ಚಾದು ಇದನ್ನ?"

ಅಪ್ಪ ಕುರಿ ಕೊಯ್ಯುವ ಚೂರಿ ತಂದ. ತಂಗಿ ಡಬ್ಬಿಯನ್ನು ಎದೆಗವಚಿಕೊಂಡಳು.

"ಕುಯ್ಯಬ್ಯಾಡಪ್ಪಾ! ಮುಚ್ಚಿದೋರು ಬಿಚ್ಚಾಕೂ ಏನಾರ ಇಟ್ಟಿರ್ತಾರೆ."

"ಇವಳೇ ಹೋಗಿ ಮುಚ್ಚಿ ಬಂದಂಗೆ ಮಾತಾಡ್ತಾಳೆ ನೋಡ್ರಿ," ಎಂದು ಮಾವ ನಕ್ಕ.

ಅವಳು ಉಗುರಿನಿಂದ ಮೇಲಿನ ಮುಚ್ಚಳವನ್ನು ಮೆಲ್ಲಗೆ ಎಬ್ಬಿಸಿದಳು. ಪುಡಿಯನ್ನು ಬೇರೆ ಡಬ್ಬಕ್ಕೆ ಸುರಿದ ಮೇಲೂ ರಟ್ಟನ್ನು ಬಿಡಲಿಲ್ಲ. ಅಂಟು ಹಾಕಿದ ಕಡೆ ಒದ್ದೆ ಬಟ್ಟೆ ಒತ್ತಿ, ನೆನೆದ ಮೇಲೆ ಬಿಡಿಸಿ ನೆಲದ ಮೇಲೆ ಹಾಸಿದಳು. ಹೊಲಿಗೆಯಿಲ್ಲ, ಜೋಡಣೆಯಿಲ್ಲ, ಇಡೀ ಡಬ್ಬಿ ಒಂದೇ ಹಾಳೆ!

ಅಪ್ಪ ಕುಕ್ಕರಗಾಲಲ್ಲಿ ಕೂತ. "ಲೇ, ತೊಗಲು ಸುಲಿದು ಹಾಸಿದಂಗೇ ಐತಲ್ಲೇ! ಇದು ಬೆನ್ನು, ಇವು ಪಕ್ಕೆ, ಇವು ಕಾಲು."

ಕುರಿ ಸುಲಿಯುವುದರಲ್ಲಿ ಅಪ್ಪನ ಕೈಗೆ ಹೆಸರಿತ್ತು, ತೊಗಲಿಗೆ ಒಂದು ತೂತೂ ಬೀಳುತ್ತಿರಲಿಲ್ಲ. ಅವನು ರಟ್ಟಿನ ಮೇಲೆ ಬೆರಳಾಡಿಸುತ್ತ ತಪ್ಪು ಹುಡುಕಿದ. ಸಿಗಲಿಲ್ಲ. ಮಡಚುವಾಗ ಒಂದಕ್ಕೊಂದು ತಾಗಬಾರದೆಂದು ಮೂಲೆಗಳನ್ನು ಚೂರೇ ಓರೆಯಾಗಿ ಕತ್ತರಿಸಿದ್ದರು. ಒಳಗೆ ಹೋಗುವ, ಯಾರಿಗೂ ಕಾಣದ ಅಂಚಿಗೆ ಬಣ್ಣ ಹಚ್ಚದೆ ಬಿಟ್ಟಿದ್ದರು.

"ಯಾವನೋ ಭಾರಿ ಕಸುಬುದಾರ ಕಣಪ್ಪ," ಎಂದ. ಅಪ್ಪ ಅಷ್ಟು ಸುಲಭವಾಗಿ ಯಾರನ್ನೂ ಹೊಗಳುವವನಲ್ಲ.

ತಂಗಿ ಅದನ್ನು ಹಳೇ ಕ್ಯಾಲೆಂಡರಿನ ರಟ್ಟಿನ ಮೇಲಿಟ್ಟು ಇದ್ದಿಲಿನಿಂದ ಗೆರೆ ಎಳೆದು ಕತ್ತರಿಸಿದಳು. ಮಡಚಿದರೆ ರಟ್ಟು ಸೀಳಿತು. ಆಮೇಲೆ ಚೀಲ ಹೊಲಿಯುವ ದಬ್ಬಳದ ಹಿಂಬದಿಯಿಂದ ಗೆರೆಯನ್ನು ಒತ್ತಿ, ಅದರ ಮೇಲೆ ಮಡಚುವುದನ್ನು ತಾನೇ ಕಂಡುಕೊಂಡಳು. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸ್ವಲ್ಪ ದಿನಕ್ಕೆ ಅವಳ ಡಬ್ಬಿ ಮಾವ ತಂದಿದ್ದಕ್ಕಿಂತ ನೆಟ್ಟಗೆ ನಿಲ್ಲುತ್ತಿತ್ತು.

ಬಾಗೂರಿನವರು ಅವಳನ್ನು ಹೆಣ್ಣು ಕೇಳಿಕೊಂಡು ಬಂದಿದ್ದ ಹೊತ್ತು ಅದು. ಅವಳಿಗೆ ಅಷ್ಟು ಬೇಗ ಮದುವೆ ಬೇಡವಾಗಿತ್ತು. "ಇವಳ ಕೈಯಾಗೆ ಒಂದು ಕಸುಬಿದ್ರೆ ಅವರಿಗೆ ಸದ್ಯ ಬ್ಯಾಡ ಅಂತೀನಿ. ಇಲ್ದಿದ್ರೆ ಏನಂತ ತಡೀಲಿ?" ಎಂದಿದ್ದ ಅಪ್ಪ. ಹಿರಿಯೂರಿನ ಮಿಠಾಯಿ ಅಂಗಡಿಯಲ್ಲಿ ಪೇಡೆಯನ್ನೂ ಪೇಪರಿನಲ್ಲೇ ಸುತ್ತಿ ಕೊಡುತ್ತಿದ್ದರು. ತಂಗಿ ಪೇಡೆಗೆ ತಕ್ಕ ಅಳತೆಯ ಡಬ್ಬಿ ಮಾಡಿ ನನ್ನ ಕೈಗಿಟ್ಟಳು. "ತೋರಿಸ್ಕಂಡು ಬಾ ಅಣ್ಣ. ಬೇಕಂದ್ರೆ ನನ್ನ ತಂಗಿ ಎಷ್ಟಾದ್ರೂ ಮಾಡಿಕೊಡ್ತಾಳೆ ಅನ್ನು."

ಅಂಗಡಿಯವರು ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಅಬ್ಬಾ! ಯಾರಪ್ಪ ಮಾಡಿದ್ದು?"

"ನಾನೇ ರೀ," ಎಂದೆ.

ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಯಾರೂ ನನ್ನನ್ನು ಅಂಥ ಕಣ್ಣಲ್ಲಿ ನೋಡಿರಲಿಲ್ಲ. ಹಾಗೆ ಹೇಳಲು ಕಾರಣ ಅಷ್ಟೇ. ಅವರು ಖುಷಿಯಿಂದ ರಟ್ಟು, ಕತ್ತರಿ ತಂದಿಟ್ಟು, "ಕುಂತ್ಕ, ಇನ್ನೊಂದು ಮಾಡು," ಎಂದರು. ನಾನು ಮಾಡಿದ್ದು ನಿಲ್ಲಲೇ ಇಲ್ಲ.

"ಎಲ್ಲಿ ಎತ್ತಿಕೊಂಡು ಬಂದ್ಯಲೇ ಇದನ್ನ?" ಎಂದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಆಗಲಾದರೂ ತಂಗಿ ಮಾಡಿದ್ದೆಂದು ಹೇಳಬಹುದಿತ್ತು. ಡಬ್ಬಿ ಕಿತ್ತುಕೊಂಡು ಬಂದುಬಿಟ್ಟೆ.

"ಬ್ಯಾಡವಂತೆ," ಎಂದೆ ಮನೆಯಲ್ಲಿ. ಅವಳು ಅಳಲಿಲ್ಲ. "ಎಲ್ಲಿ ಸರಿಯಿಲ್ಲ ಅಂದ್ರು?" ಎಂದು ಕೇಳಿದಳು. ಬಾಯಿಗೆ ಬಂದದ್ದು ಹೇಳಿದೆ: "ಮುಚ್ಚಳ ಸಡಿಲವಂತೆ."

ಸಡಿಲವೇ ಇಲ್ಲದ ಮುಚ್ಚಳವನ್ನು ಬಿಗಿ ಮಾಡಲು ಅವಳು ಎಷ್ಟೋ ರಟ್ಟು ಕತ್ತರಿಸಿದಳು. ಕೊನೆಗೆ ಮುಚ್ಚಳದ ತುದಿಯ ರಟ್ಟಿನ ನಾಲಿಗೆ ಡಬ್ಬಿಯ ಸೀಳಿನೊಳಗೆ ಹೋಗಿ ಸಿಕ್ಕಿಕೊಳ್ಳುವ ಹಾಗೆ ಮಾಡಿದಳು. ಬೋರಲು ಹಾಕಿ ಕುಲುಕಿದರೂ ತೆರೆದುಕೊಳ್ಳುತ್ತಿರಲಿಲ್ಲ. ಮಾವನ ಡಬ್ಬಿಯಲ್ಲಿ ಅಂಥದ್ದಿರಲಿಲ್ಲ. ಅದು ಪೂರಾ ಅವಳದೇ ಬುದ್ಧಿ.

"ಇನ್ನೊಂದ್ಸಲ ಹೋಗಿ ಬಾರಣ್ಣ. ಬಾಗೂರಿನೋರಿಗೆ ಅಪ್ಪ ಮಾತು ಕೊಡಾಕೆ ಮುಂಚೆ."

ಹೋದೆ. ಆ ಅಂಗಡಿಯ ಎದುರಿಗೇ ಬಸ್ ಇಳಿದು, ಮರದ ಕೆಳಗಿನ ಕಟ್ಟೆಯ ಮೇಲೆ ಡಬ್ಬಿ ಇಟ್ಟುಕೊಂಡು ಕೂತೆ. ಆಚೆ ಅವರು ಪೇಡೆ ಕಟ್ಟಿಕೊಡುವುದು ಕಾಣುತ್ತಿತ್ತು. ನಾನು ರಸ್ತೆ ದಾಟಲಿಲ್ಲ. ಪಕ್ಕದಲ್ಲಿದ್ದ ಹೆಂಗಸೊಬ್ಬಳು ಡಬ್ಬಿಯನ್ನೇ ನೋಡುತ್ತಿದ್ದಳು.

"ಚೆಂದ ಐತಲ್ಲಣ್ಣ. ಎಲ್ಲಿ ತಗಂಡೆ?"

"ತಗಂಡಿದ್ದಲ್ಲಮ್ಮ. ನನ್ನ ತಂಗಿ ಮಾಡಿದ್ದು."

ಅವಳು ಮುಟ್ಟಿ ನೋಡಿದಳು. ನಾಲಿಗೆ ಎಳೆದು ಹೇಗೆ ತೆಗೆಯುವುದು, ಹೇಗೆ ಸಿಕ್ಕಿಸುವುದು ಎಲ್ಲ ತೋರಿಸಿಕೊಟ್ಟೆ, ಹೆಮ್ಮೆಯಿಂದಲೇ. ಅಷ್ಟರಲ್ಲಿ ಐಮಂಗಲದ ಬಸ್ ಬಂತು, ಹತ್ತಿಬಿಟ್ಟೆ.

ಅಂಗಡಿ ಮುಚ್ಚಿತ್ತೆಂದು ಮನೆಯಲ್ಲಿ ಹೇಳಿದೆ. ಆ ತಿಂಗಳೇ ಬಾಗೂರಿನವರು ಬಂದು ಮದುವೆ ಗೊತ್ತುಮಾಡಿ ವೀಳ್ಯ ಬದಲಾಯಿಸಿಕೊಂಡು ಹೋದರು.