ತುಟಿಗೆ ತಾಗಿದ ನೂಲು

ನರಸಪ್ಪನವರು ರೇಷ್ಮೆ ನೂಲಿನ ಬಣ್ಣವನ್ನು ತುಟಿಯಿಂದ ಗುರುತಿಸುತ್ತಿದ್ದರು. ನೂಲು ಸುತ್ತಿದ ಕಂಡಿಕೆಯನ್ನು ಕೆಳತುಟಿಗೆ ಒಮ್ಮೆ ಸವರಿದರೆ ಸಾಕು. "ಇದು ಕರೀದು. ಬಣ್ಣ ಜಾಸ್ತಿ ಕುಡಿದೈತೆ, ಒರಟು. ಅರಿಶಿಣದ್ದು ನೋಡ್ರಿ, ಮೆತ್ತಗೈತೆ" ಎನ್ನುತ್ತಿದ್ದರು. ತೊಂಬತ್ತರ ದಶಕದಲ್ಲಿ ನಾನು ಮೊಳಕಾಲ್ಮುರಿನಲ್ಲಿ ಮೇಷ್ಟ್ರಾಗಿದ್ದಾಗ ನನ್ನ ಬಾಡಿಗೆ ಕೋಣೆಗೂ ಅವರ ಮಗ್ಗಕ್ಕೂ ನಡುವೆ ಒಂದೇ ಗೋಡೆ.

ಆಗ ನನಗೆ ಕಥೆಗಾರನಾಗುವ ಹುಚ್ಚು. ಬರೆದದ್ದನ್ನೆಲ್ಲ ಅವರಿಗೆ ಓದಿ ಹೇಳುತ್ತಿದ್ದೆ. ಮನೆಯಲ್ಲಿ ತೆಲುಗು ಆಡುವ ಅವರಿಗೆ ನನ್ನ ಪುಸ್ತಕದ ಕನ್ನಡ ಕೇಳಿದರೆ ನಗು. 'ಅವಳ ದುಃಖಕ್ಕೆ ಪಾರವಿರಲಿಲ್ಲ' ಎಂದು ಓದಿದ ದಿನ ಲಾಳಿ ನಿಲ್ಲಿಸಿದರು.

"ಪಾರ ಬಿಡ್ರಿ ಸಾರ್. ಆಯಮ್ಮ ಒಲೆ ಹಚ್ಚಿದ್ಲಾ ಇಲ್ವಾ? ಅನ್ನ ಸೀದ ವಾಸ್ನೆ ಬಂತಾ? ಅದು ಹೇಳ್ರಿ, ದುಃಖ ನಮಗೇ ಗೊತ್ತಾಗ್ತೈತೆ."

"ಮೇಷ್ಟ್ರಿಗೇ ಪಾಠ ಹೇಳ್ತೀಯಾ? ಊರ್ಕೋ, ಸುಮ್ನಿರು!" ಎಂದು ಹೆಂಡತಿ ಲಕ್ಷ್ಮಕ್ಕ ಗದರಿದರು. ಆದರೆ ನನಗೆ ಬೇಕಾಗಿದ್ದ ಪಾಠ ಅದೇ.

ತುಟಿಯ ಗುಟ್ಟು ತಿಳಿದದ್ದು ಆಮೇಲೆ. ಅವರ ಕಣ್ಣು ಮಂಜಾಗಿ ಎರಡು ವರ್ಷವಾಗಿತ್ತು. ಮಗ್ಗದ ಹಳೆಯ ಹಾಸಿನ ಉದ್ದೆಳೆಗೆ ಹೊಸ ಎಳೆಯನ್ನು ಬೂದಿ ಮೆತ್ತಿದ ಬೆರಳಲ್ಲಿ ಹೊಸೆದು ಕೂಡಿಸುವುದೂ ಬರೀ ಮುಟ್ಟಿ. ಆದರೂ ಸೀರೆಯಲ್ಲಿ ಒಂದು ತಪ್ಪೂ ಇರುತ್ತಿರಲಿಲ್ಲ. "ಸಾವ್ಕಾರ್ರಿಗೆ ಗೊತ್ತಾದ್ರೆ ನೂಲು ಕೊಡಲ್ಲ ಸಾರ್. ನಿಮ್ಮ ಹೊಟ್ಟೇಲಿರ್ಲಿ" ಎಂದಿದ್ದರು.

ನನ್ನ ಹೊಟ್ಟೆಯಲ್ಲಿ ಅದು ಉಳಿಯಲಿಲ್ಲ. ಕಥೆ ಬರೆದೆ. ಹೆಸರು ಬದಲಿಸಿದೆ; ತುಟಿ, ಕಂಡಿಕೆ, ಬೂದಿಯ ಬೆರಳು ಹಾಗೆಯೇ ಇಟ್ಟೆ. ಕಥೆಯ ಜೀವವೇ ಅಲ್ಲಿತ್ತಲ್ಲ! ವಾರಪತ್ರಿಕೆಯಲ್ಲಿ ಅಚ್ಚಾದಾಗ ಶಾಲೆಯಲ್ಲೆಲ್ಲ ಪೇಡ ಹಂಚಿದೆ. ನರಸಪ್ಪನವರು ನೂಲನ್ನು ತುಟಿಗೆ ಸವರುವುದನ್ನು ಊರೇ ನೋಡಿತ್ತು. ಯಾಕೆಂದು ನನ್ನ ಕಥೆ ಹೇಳಿತು. ಸಾಹುಕಾರರು ನೂಲು ಕೊಡುವುದನ್ನು ಬಿಟ್ಟರು. ಹದಿನೈದು ದಿನದಲ್ಲಿ ಗೋಡೆಯಾಚೆಯ ಮಗ್ಗದ ಸದ್ದು ನಿಂತಿತು. ಕ್ಷಮೆ ಕೇಳಲೂ ಹೋಗದೆ ನಾನು ಚಳ್ಳಕೆರೆಗೆ ವರ್ಗ ಮಾಡಿಸಿಕೊಂಡೆ. ಹೇಡಿತನ, ಅದಕ್ಕೆ ಬೇರೆ ಹೆಸರಿಲ್ಲ.

ಕೆಲವು ವರ್ಷಗಳ ಮೇಲೆ ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನ ಅಂಗಳದಲ್ಲಿ ಅವರನ್ನು ಕಂಡೆ. ಶೇಂಗಾ ಆರಿಸುವ ಹೆಂಗಸರ ಸಾಲಿನ ಕೊನೆಗೆ ಕೂತಿದ್ದರು. ಬೆರಳು ತಾಗಿದ್ದೇ ತಡ, ಜೊಳ್ಳು ಪಕ್ಕಕ್ಕೆ ಬೀಳುತ್ತಿತ್ತು. ನಾನು ಕರೆದ ದನಿ ಕೇಳಿ ತಲೆಯೆತ್ತಿದರು.

"ನಿಮ್ಮ ಕತೆ ಓದಿಸಿ ಕೇಳ್ದೆ ಸಾರ್. ಒಂದೆಳೆ ತಪ್ಪಿಲ್ಲ. ಕಾಲಿಡೋ ಮಗ್ಗದ ಗುಂಡಿ ತಂಪು ಸೈತ ಐತೆ ಅದ್ರಾಗೆ."

"ನನ್ನಿಂದ ತಪ್ಪಾಯ್ತು ನರಸಪ್ಪನೋರೇ" ಎಂದೆ.

ಅವರು ಇನ್ನೊಂದು ಜೊಳ್ಳು ತೆಗೆದು ಪಕ್ಕಕ್ಕೆ ಹಾಕಿದರು. ಆಮೇಲೆ ಮೆಲ್ಲಗೆ, "ತುಟಿ ಬದ್ಲು ಕೆನ್ನೆ ಅಂತ ಬರ್ದಿದ್ರೆ ಸಾಕಿತ್ತಲ್ಲ ಸಾರ್" ಎಂದರು.