ಮಾರಯ್ಯನ ಮುಗಿಯದ ಬಸವಣ್ಣ

ಮಹಾಬಲಿಪುರದ ಕಡಲತೀರದ ಗುಡಿಯ ಮುಂದೆ, ಸಮುದ್ರಕ್ಕೆ ಬೆನ್ನು ಮಾಡಿ ನಿಂತು, ನಮ್ಮೂರು ಧನಗೆರೆಯ ಮೂವತ್ತು ಜನಕ್ಕೆ ಪಲ್ಲವರ ವೈಭವ ಬಣ್ಣಿಸುತ್ತಿದ್ದೆ. ಹಿಂದಿನಿಂದ ಬಂದ ಅಲೆಯೊಂದು ಮಂಡಿಗೆ ಬಡಿದು, ಮೇಷ್ಟರು ಎಂಬ ಗೌರವವನ್ನೂ ನೋಡದೆ ನನ್ನನ್ನು ಕೂರಿಸಿಬಿಟ್ಟಿತು. ಎದ್ದಾಗ ಒಂದು ಚಪ್ಪಲಿ ಇರಲಿಲ್ಲ. ಪಂಚೆ ಇದ್ದೂ ಇಲ್ಲದಂತಿತ್ತು.

"ಬುಡಿ ಸಾ, ಗಂಗಮ್ಮ ಪಾಠ ಕೇಳಕ್ಕೆ ಬಂದವ್ಳೆ," ಎಂದಳು ಕೆಂಪಾಜಮ್ಮ. ಎಲ್ಲರೂ ನಕ್ಕರು. ನಗದವನು ಮಾರಯ್ಯ ಒಬ್ಬನೇ. ಏಕೆಂದರೆ ಅವನು ಅಲ್ಲಿರಲೇ ಇಲ್ಲ.

ನನಗೆ ಅಳು ಬರುವುದೊಂದು ಬಾಕಿ. 1958ರ ಆ ಬಸ್ ಯಾತ್ರೆಗೆ ಅವನನ್ನು ಕರೆತಂದದ್ದೇ ಈ ಕಲ್ಲಿನ ಕೆಲಸ ತೋರಿಸಲು. ಮಾರಯ್ಯ ನಮ್ಮೂರ ಕಲ್ಲುಕುಟಿಗ. ಒಂದು ಒರಳನ್ನು ಎರಡೇ ದಿನದಲ್ಲಿ ಮುಗಿಸುವ ಅದೇ ಕೈ, ಊರ ಗುಡಿಗೆಂದು ಹಿಡಿದ ಬಸವಣ್ಣನನ್ನು ಹನ್ನೊಂದು ವರ್ಷದಿಂದ ಕೆತ್ತುತ್ತಿತ್ತು. ಬಾಲದ ಕಡೆಯಿಂದ ನೋಡಿದರೆ ಬಸವಣ್ಣ, ಮುಖದ ಕಡೆಯಿಂದ ನೋಡಿದರೆ ಬಂಡೆ. ಕೇಳಿದರೆ, "ಮಕ ಇನ್ನೂ ಕಲ್ಲೊಳ್ಗೇ ಅದೆ, ತಾನಾಗೇ ಬರ್ಬೇಕು" ಅನ್ನುತ್ತಿದ್ದ. ಗುಡಿಯಲ್ಲಿ ಬಸವಣ್ಣನ ಜಾಗಕ್ಕೆ ಒಂದು ಇಟ್ಟಿಗೆ ಇಟ್ಟು ಪೂಜೆ ನಡೆಯುತ್ತಿತ್ತು.

ಹೊರಡುವ ದಿನ ಅವನ ಹೆಂಡತಿ ಶಂಕರಮ್ಮ, "ಸಾ, ಇವ್ರನ್ನೂ ಕರ್ಕಂಡೋಗಿ. ದೊಡ್ಡೋರ ಕೆಲ್ಸ ನೋಡಿಯಾದ್ರೂ ನಾಚ್ಕೆಯಾಗ್ಲಿ. ಈ ಶಿವರಾತ್ರಿಗೂ ಇಟ್ಗೆಗೇ ಕೈ ಮುಗಿಯಂಗಾದ್ರೆ ನಾನು ತವರಿಗೆ ಓಯ್ತೀನಿ," ಎಂದಿದ್ದಳು.

ಒಂಟಿ ಚಪ್ಪಲಿಯಲ್ಲಿ ಸುಡುವ ಮರಳು ತುಳಿಯುತ್ತ ಹುಡುಕಿದೆ. ಕಂಡವರನ್ನೆಲ್ಲ ವಿಚಾರಿಸುವಷ್ಟು ತಮಿಳು ನನಗಿತ್ತು. ಎರಡು ವರ್ಷದ ಹಿಂದೆ ರಾಜ್ಯಗಳ ಗಡಿ ಬದಲಾಗುವವರೆಗೆ ನಾವೂ ಮದರಾಸು ರಾಜ್ಯದವರೇ. ಕೊನೆಗೆ ಬಂಡೆಯಲ್ಲೇ ಕಡೆದ ಐದು ರಥಗಳ ಹತ್ತಿರ ಸಿಕ್ಕ. ರಥ, ಆನೆ, ಸಿಂಹ ಎಲ್ಲ ಬಿಟ್ಟು ನಂದಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಬೆರಳಿಂದ ತಟ್ಟಿ ತಟ್ಟಿ ನೋಡುತ್ತಿದ್ದ.

"ಸಾ, ಇದು ಪೂರಾ ಆದಂಗಿಲ್ವಲ್ಲ?"

"ಇಲ್ಲಿ ಎಷ್ಟೋ ಕೆಲಸ ಅರ್ಧಕ್ಕೇ ನಿಂತಿವೆ ಕಣಯ್ಯಾ," ಎಂದೆ. ಪಾಠ ಹೇಳುವ ಚಟ, ಎಲ್ಲಿ ಹೋಗುತ್ತದೆ?

"ಎಸ್ಟು ವರ್ಸ ಆಗಿದ್ದಾತು?"

"ಸುಮಾರು ಸಾವಿರದ ಮುನ್ನೂರು."

ಮಾರಯ್ಯ ನಿಧಾನವಾಗಿ ತಲೆದೂಗಿದ. ಅವನ ಮುಖದಲ್ಲಿ ನಾಚಿಕೆ ಹುಡುಕಿದರೆ, ಹನ್ನೊಂದು ವರ್ಷದಲ್ಲಿ ನಾನು ಕಾಣದಿದ್ದ ನೆಮ್ಮದಿ ಕಂಡಿತು. ನಾಲಿಗೆ ಕಚ್ಚಿಕೊಂಡೆ, ಹೊತ್ತು ಮೀರಿತ್ತು.

ಅತ್ತ ಬಸ್ಸಿನವನು ಹಾರನ್ ಒತ್ತುತ್ತಿದ್ದ. ಶಂಕರಮ್ಮನಿಗೆ ಏನು ಮುಖ ತೋರಿಸಲಿ? ರೇಗಿ ಕೇಳಿದೆ: "ಶಿವರಾತ್ರಿ ಹತ್ತಿರ ಬಂತು. ನಿನ್ನ ಬಸವಣ್ಣನ್ನ ಯಾವಾಗಯ್ಯಾ ಮುಗಿಸ್ತೀಯ?"

ಅವನು ನಂದಿಯ ಬೆನ್ನು ಸವರಿ, ಎದ್ದು, ಪಂಚೆಯ ಮರಳು ಕೊಡವಿದ.

"ಮೊದ್ಲು ಇವ್ರು ಮುಗಿಸ್ಲಿ ಸಾ."