ಸದರಿ ನಾಯಕಿ

ಶರಣಪ್ಪ ಕಾಕಾನ ಕಾದಂಬರಿಯ ಮೊದಲ ವಾಕ್ಯ ಹೀಗಿತ್ತು: "ಸಗರ ಗ್ರಾಮದ ಖಾಯಂ ನಿವಾಸಿಯೂ, ವಯಸ್ಸು ಅರವತ್ತೂ, ಉದ್ಯೋಗ ಮನೆಗೆಲಸವೂ ಆದ ಸದರಿ ನಾಯಕಿಯು, ಯಾರ ಒತ್ತಾಯಕ್ಕೂ ಒಳಗಾಗದೆ, ಸ್ವಖುಷಿಯಿಂದ, ತಾನು ಯಾರೆಂದು ಯೋಚಿಸಲಾರಂಭಿಸಿದಳು."

ಟೈಪು ಮಾಡುತ್ತಿದ್ದ ನಾನು ಬಾಯಿಗೆ ವೇಲು ಒತ್ತಿಕೊಂಡೆ.

"ನಗಾಕ ಏನಾಯ್ತವ್ವಾ? ಕಾಯ್ದೆ ಪ್ರಕಾರ ಬರೋಬ್ಬರಿ ಅದ," ಎಂದರು ಕಾಕಾ.

ಅವರ ತಪ್ಪಲ್ಲ. ಶಹಾಪುರದ ತಹಶೀಲ್ ಕಚೇರಿ ಎದುರು ಬೇವಿನ ಮರದಡಿ ಮೇಜು ಹಾಕಿಕೊಂಡು ಜೀವನವಿಡೀ ಅರ್ಜಿ, ಖರೀದಿಪತ್ರ ಬರೆದವರು. ಕಚೇರಿ ಕೆಲಸವೆಲ್ಲ ಕಂಪ್ಯೂಟರಿಗೆ ಹೋದ ಮೇಲೆ ಮೇಜು ಮನೆಗೆ ಸಾಗಿಸಿ, ಮರದ ಪಕ್ಕದ ನನ್ನ ಜೆರಾಕ್ಸ್ ಅಂಗಡಿಯ ಬೆಂಚಿನ ಮೇಲೆ ಠಿಕಾಣಿ ಹೂಡಿದರು. ಕೆಲವು ದಿನ ಬಂದವರ ಕಾಗದಗಳಲ್ಲಿ ತಪ್ಪು ಹುಡುಕಿದರು. ಆಮೇಲೆ ಒಂದು ದಿನ ಘೋಷಿಸಿದರು: "ಯವ್ವಾ, ನಾ ಕಾದಂಬರಿ ಬರಿಯಾಕತ್ತೇನಿ. ಒಬ್ಬಾಕಿ ಮುಪ್ಪಿನಾಗ ತನ್ನ ತಾನು ಹುಡುಕ್ಕೊಂತಾಳ."

ಹುಡುಕಾಟ ಭರ್ಜರಿಯಾಗಿಯೇ ನಡೆಯಿತು. ನಾಯಕಿ ಬಾಲ್ಯದ ಗೆಳೆಯನನ್ನು ಭೇಟಿಯಾಗುವ ಜಾಗಕ್ಕೆ ಕಾಕಾ ಚಕ್ಕುಬಂದಿ ಹಾಕಿದ್ದರು. ಪೂರ್ವಕ್ಕೆ ತೊಗರಿ ಹೊಲ, ಪಶ್ಚಿಮಕ್ಕೆ ಕಾಲುವೆ, ಉತ್ತರಕ್ಕೆ ಬಂಡಿ ದಾರಿ, ದಕ್ಷಿಣಕ್ಕೆ ಮಲ್ಲಪ್ಪನ ಹತ್ತಿ ಹೊಲ. ಇಷ್ಟರ ನಡುವೆ ಸದರಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಹೊಲ ಮಾರಾಟಕ್ಕಿದೆಯೇ ಎಂದು ನಾನು ಕೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದರು.

ಮೂರನೆಯ ದಿನ ಕಾಕಾನ ಜೊತೆ ಅವರ ಹೆಂಡತಿ ನಾಗಮ್ಮ ಕಾಕುವೂ ಅಂಗಡಿಗೆ ಬಂದರು. ಕಾಕುವಿನ ಮುಖ ಉರಿಯುತ್ತಿತ್ತು.

"ಕುಂತ್ರೂ ಸಗರ, ನಿಂತ್ರೂ ಸಗರ. ಆ ಸಗರದಾಕಿ ಯಾರವ್ವಾ?"

"ಏ, ಆಕಿ ನನ್ನ ಕಲ್ಪನಾ!" ಎಂದರು ಕಾಕಾ.

"ನೋಡು, ಹೆಸರೂ ಬಾಯಿಪಾಠ ಅದ!"

ಕಲ್ಪನಾ ಎಂಬ ಹೆಂಗಸು ಇಲ್ಲವೆಂದು ಕಾಕುವನ್ನು ನಂಬಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಕಾಕು ಹೋದ ಮೇಲೆ ಹೇಳಿದೆ: "ಕಾಕಾ, ಆಕಿನ್ನ ಬಿಡ್ರಿ. ನಿಮ್ಮ ಕತಿನೇ ಬರೀರಿ. ‘ನಾನು’ ಅಂತ ಶುರು ಮಾಡ್ರಿ."

ಕಾಕಾ ಕನ್ನಡಕ ತೆಗೆದು ಒರೆಸಿದರು. "ನಾನು ಅಂತ ದಿನಾ ಬರ್ದೇನಿ. ಈ ನಾನು ಯಾರ ಪರವಾಗಿ?"

"ನಿಮ್ಮ ಪರವಾಗಿ."

ಗಂಡ ಬಿಟ್ಟವಳಾಗಿ, ಹೊಲ ಕಳಕೊಂಡವನಾಗಿ, ಪಿಂಚಣಿ ಬಾರದ ಮುದುಕನಾಗಿ ಕಾಕಾ ಆ ಮರದಡಿ ಎಷ್ಟೋ ಜನರ ‘ನಾನು’ ಬರೆದಿದ್ದರು. ತಮ್ಮದು ಬರೆದಿರಲೇ ಇಲ್ಲ. ನಿಮಗೇನು ಸೇರುತ್ತದೋ ಅಲ್ಲಿಂದ ಶುರು ಮಾಡಿ ಎಂದೆ. ಅದೂ ಅವರಿಗೆ ಗೊತ್ತಿರಲಿಲ್ಲ.

ಮರುದಿನ ಮುಂಜಾನೆ ಅದನ್ನು ಪತ್ತೆ ಮಾಡಲು ಸುರಪುರದ ಬಸ್ಸು ಹತ್ತಿದರು. ಶಹಾಪುರದ ಹೋಟೆಲಿನವರೆಲ್ಲ ಅವರನ್ನು ಕಂಡ ಕೂಡಲೇ, ಕೇಳದೆಯೇ ಚಹಾ ತಂದಿಡುವವರು. ಗುರುತಿಲ್ಲದ ಊರೇ ಆಗಬೇಕಿತ್ತು. ಅಲ್ಲಿಯ ರಂಗಂಪೇಟೆಯ ಒಂದು ಹೋಟೆಲಿನಲ್ಲಿ "ಏನ್ ಬೇಕ್ರಿ?" ಎಂದು ಕೇಳಿದವನ ಮುಖವನ್ನೇ ನೋಡುತ್ತ ಕೂತರಂತೆ. ಆಮೇಲೆ ಇದ್ದದ್ದನ್ನೆಲ್ಲ ಒಂದೊಂದು ತರಿಸಿದರಂತೆ. ಸಂಜೆ ಬಸ್ಸಿಳಿದು ನೇರ ಅಂಗಡಿಗೆ ಬಂದಾಗ ಹೊಟ್ಟೆ ಕೆಟ್ಟಿತ್ತು, ಮುಖ ಮಾತ್ರ ಮದುಮಗನದು.

"ಯವ್ವಾ, ಸಿಕ್ತು! ಅರ್ಜಿ ಬರ್ಸಾಕ ಬಂದ ಪಾರ್ಟಿಯವ್ರು ಕುಡಿಸ್ತಾರಂತ ಕುಡಿಯಾಕತ್ತಿದ್ದೆ. ನನಗ ಚಾ ಸೇರಂಗೇ ಇಲ್ಲ!"

ಕಾಕಾ ತೀರಿಕೊಂಡು ಈಗ ಎರಡು ವರ್ಷ. ‘ನಾನು’ ಎಂದು ಹೊಸದಾಗಿ ಶುರು ಮಾಡಿದ ಕಾದಂಬರಿ ಒಂದೇ ಪುಟಕ್ಕೆ ನಿಂತಿತು. ಅದನ್ನು ಓದಿ ಹೇಳಲು ಕಾಕಾ ಹೆಂಡತಿಯನ್ನು ಅಂಗಡಿಗೆ ಕರೆತಂದ ದಿನವೇ ನಾನು ಅವರನ್ನು ಕೊನೆಯದಾಗಿ ನೋಡಿದ್ದು.

"ನನಗೆ ಚಹಾ ಸೇರುವುದಿಲ್ಲ," ಎಂದು ಕಾಕಾ ಓದಿದರು.

"ಮತ್ತ ದಿನಾ ಮುಂಜಾನಿ ನಾ ಮಾಡಿದ್ದು?"

"ನೀ ಕೊಟ್ಟಿ ಅಂತ ಕುಡ್ದೆ. ಸುಮ್ನ ಕೇಳು." ಮುಂದೆ ಓದಿದರು: "ಮಂಡಾಳ ಒಗ್ಗರಣೆ ಸೇರುತ್ತದೆ, ಖಾರ ಜಾಸ್ತಿ ಇರಬೇಕು. ಸಿನಿಮಾದಲ್ಲಿ ಯಾರಾದರೂ ಅತ್ತರೆ ನನಗೂ ಅಳು ಬರುತ್ತದೆ. ಕಣ್ಣಿಗೆ ಕಸ ಬಿತ್ತೆನ್ನುತ್ತೇನೆ. ಹೆಂಡತಿ ತವರಿಗೆ ಹೋದರೆ ಮನೆಯಲ್ಲಿ ನನಗೆ ಹೆದರಿಕೆ. ರೇಡಿಯೋ ಹಚ್ಚಿಟ್ಟು ಮಲಗುತ್ತೇನೆ. ಬಾ ಎಂದು ಫೋನು ಮಾಡಲು ಮಾತ್ರ ನಾಚಿಕೆ."

ವಯಸ್ಸಿಲ್ಲ, ಖಾಯಂ ನಿವಾಸಿಯಿಲ್ಲ, ಸದರಿ ಇಲ್ಲವೇ ಇಲ್ಲ. ಕಾಕು ಬೆಂಚಿನ ಮೇಲೆ ಗಂಡನ ಹತ್ತಿರಕ್ಕೆ ಸರಿದರು.

"ಮುಂದಿಂದು ಓದ್ರಿ."

"ಇಷ್ಟೇ ಬರ್ದೇನಿ."

"ಹಂಗಾರ ಲಗೂನ ಬರೀರಿ," ಎಂದರು ಕಾಕು. "ಇಂವ ಯಾರಂತ ನನಗೂ ಗೊತ್ತಾಗ್ಲಿ."